ಕತ್ತೆಕಿವಿಯ ಕೊಳ

ಒಂಟಿಕೊಪ್ಪಲಿನ ವಕೀಲ ಷಡಕ್ಷರಿಯವರ ಬಂಗಲೆಯಲ್ಲಿ ನಂಜಯ್ಯ ಹದಿನಾರು ವರ್ಷದಿಂದ ಮಾಲಿ. ಹೂಟಗಳ್ಳಿಯಿಂದ ದಿನಾ ನಡೆದು ಬರುತ್ತಿದ್ದ. ಇಷ್ಟು ವರ್ಷದಲ್ಲಿ ಇಲ್ಲಿ ನೆಡು, ಅದನ್ನು ಕೀಳು ಎಂದವರೇ ಹೊರತು ಏನು ನೆಡೋಣ ಎಂದು ಅವನನ್ನು ಕೇಳಿದವರಿಲ್ಲ. ೧೯೫೮ರ ಬೇಸಿಗೆಯಲ್ಲಿ ವಕೀಲರು ಮನೆಮುಂದೆ ಹದಿನೈದಡಿ ಉದ್ದದ ಕೊಳ ಕಟ್ಟಿಸಿದರು. "ಇದಕ್ಕೆ ಯಾವ ಗಿಡ ಅಂತ ನೀನೇ ಗೊತ್ತುಮಾಡಪ್ಪ. ನನಗೇನು ತಿಳಿಯುತ್ತೆ?" ಎಂದುಬಿಟ್ಟರು.

ನಂಜಯ್ಯ ಮೂರು ದಿನ ಕೊಳದ ಅಂಚಿನಲ್ಲೇ ಕೂತ. ಬಿಸಿಲು ಎಲ್ಲಿ ಬೀಳುತ್ತದೆ, ಹೊಂಗೆಮರದ ನೆರಳು ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಎಂದು ನೋಡಿದ. ತಾವರೆ ಬೇಡ, ಇಷ್ಟು ಸಣ್ಣ ನೀರನ್ನು ಅದರ ಎಲೆಯೇ ಮುಚ್ಚಿಬಿಡುತ್ತದೆ. ನಡುವೆ ಕುಂಡದಲ್ಲಿ ಬಿಳಿ ನೈದಿಲೆ ಇರಲಿ. ಅಂಚಿನ ಮಣ್ಣು ಜಾರದಂತೆ ಹಿಡಿಯಲು ಬಜೆ, ಕಲ್ಲುಸಂದಿಗೆ ಒಂದೆಲಗ, ನೆರಳಿದ್ದ ಕಡೆ ಕೆಸು, ಹಿಂದೆ ಕೆಂಪು ಕಾಬಾಳೆ. ನೈದಿಲೆಯ ಗೆಡ್ಡೆಗಾಗಿ ಅವನ ಹೆಂಡತಿ ಕೆಂಚಮ್ಮ ತವರೂರು ಮಂಡಕಳ್ಳಿಗೆ ಹೋಗಿ, ಅಲ್ಲಿನ ಕಟ್ಟೆಯಲ್ಲಿ ಸೊಂಟದುದ್ದ ನೀರಿಗಿಳಿದು ಕಿತ್ತು ತಂದಳು.

ಆಷಾಢ ಕಳೆಯುವ ಹೊತ್ತಿಗೆ ನೈದಿಲೆ ಅರಳಿತು. ವಕೀಲರ ಎಂಟು ವರ್ಷದ ಮಗಳು ಚಾಮುಂಡೇಶ್ವರಿ ಕೊಳದಲ್ಲಿ ಏಳು ಕೆಂಪು ಮೀನು ಬಿಟ್ಟು, ಒಂದೊಂದಕ್ಕೂ ಹೆಸರಿಟ್ಟಳು. ಬೆಳಿಗ್ಗೆ ನಂಜಯ್ಯ ಬರುವುದನ್ನೇ ಕಾಯುತ್ತಿದ್ದು, ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಕೇಳುವಳು.

ದಸರಾಕ್ಕೆ ವಕೀಲರ ಹೆಂಡತಿ ಇಂದ್ರಮ್ಮನವರ ತಂಗಿ ಮದ್ರಾಸಿನಿಂದ ಬಂದಳು. ಕೊಳ ನೋಡಿ, "ಏನಕ್ಕಾ ಇದು, ಗದ್ದೆ ಬದು ತಂದು ಮನೆಮುಂದೆ ಇಟ್ಕೊಂಡಿದ್ದೀಯ!" ಎಂದಳು. ಎಲ್ಲರೂ ನಕ್ಕರು. "ಎಲ್ಲ ನಮ್ಮ ನಂಜಯ್ಯನ ಟೇಸ್ಟು ಕಣಮ್ಮ" ಎಂದು ವಕೀಲರು ಎಲ್ಲರಿಗಿಂತ ಜೋರಾಗಿ ನಕ್ಕರು. ನಂಜಯ್ಯ ನಾಲ್ಕು ಮಾರು ದೂರದಲ್ಲಿ ಕುಡುಗೋಲು ಹಿಡಿದು ನಿಂತಿದ್ದ.

ಮಾರನೆಯ ದಿನ ಇಂದ್ರಮ್ಮ ಕರೆದರು. "ಅದನ್ನೆಲ್ಲ ಕಿತ್ತುಹಾಕು. ನೀರ ಮೇಲೆ ತೇಲುತ್ತಂತಲ್ಲ, ನೇರಳೆ ಬಣ್ಣದ ಹೂವು, ದಪ್ಪ ಎಲೆ? ಮದ್ರಾಸಲ್ಲಿ ದೊಡ್ಡ ದೊಡ್ಡ ಬಂಗಲೆಗಳಲ್ಲಿ ಬಿಡ್ತಾರಂತೆ. ಇಲ್ಲೆಲ್ಲಾದ್ರೂ ಸಿಕ್ಕುತ್ತಾ?"

ನಂಜಯ್ಯನಿಗೆ ಗೊತ್ತಾಯಿತು. ಅದು ಕತ್ತೆಕಿವಿ. ಒಂದು ಬಿಟ್ಟರೆ ನೂರಾಗುವ ಕಳೆ. ಅದು ಹಬ್ಬಿದ ಕೆರೆಯಲ್ಲಿ ಎಮ್ಮೆಗೆ ಬಾಯಿಡಲು ನೀರು ಸಿಗದ್ದನ್ನು ಅವನು ಕಂಡಿದ್ದ. ಬೇಡಿ ಅಮ್ಮಾವ್ರೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಆದರೆ ನೆನ್ನೆಯ ನಗು ಇನ್ನೂ ಕಿವಿಯಲ್ಲಿತ್ತು.

"ಸಿಕ್ತದೆ ಅಮ್ಮಾವ್ರೆ. ಬೇಕಾದಷ್ಟು ಸಿಕ್ತದೆ" ಎಂದ.

ಸಂಜೆ ಮನೆಯಲ್ಲಿ ವಿಷಯ ತಿಳಿದು ಕೆಂಚಮ್ಮ ಕೇಳಿದಳು. "ನಾನು ತಂದ ಗೆಡ್ಡೆ ಏನ್ ಮಾಡ್ದೆ?"

"ಗೊಬ್ಬರದ ಗುಂಡಿಗೆ ಎಸ್ದುಬುಟ್ಟೆ."

"ಕೊಳ ಕೆಟ್ಟೋಯ್ತದೆ ಅಂತ ಒಂದ್ ಮಾತು ಯೋಳ್ಬೌದಿತ್ತು."

"ಅವ್ರು ನನ್ನ ಕೇಳ್ಳಿಲ್ಲ."

ಅವಳು ಎದ್ದು ಒಲೆಯ ಮುಂದೆ ಹೋಗಿ ಕೂತಳು.

ಕತ್ತೆಕಿವಿ ತಂದು ಬಿಟ್ಟ ಮೊದಲಲ್ಲಿ ಹೂವೋ ಹೂವು. ಇಂದ್ರಮ್ಮ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಶಿವರಾತ್ರಿ ಹೊತ್ತಿಗೆ ನೀರೇ ಕಾಣದಾಯಿತು. ನಂಜಯ್ಯ ಕೈ ಹಚ್ಚಲಿಲ್ಲ, ಕಾದ. ಇಂದಲ್ಲ ನಾಳೆ ಕರೆದು, ನೀನು ಹಾಕಿದ್ದೇ ಚೆನ್ನಾಗಿತ್ತು ಕಣಯ್ಯ ಅನ್ನುತ್ತಾರೆ. ಆಗ ಏನು ಉತ್ತರ ಕೊಡಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಎಲೆಗಳ ಸಂದಿಯಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಏಳಕ್ಕೆ ಏಳೂ. ನಂಜಯ್ಯ ಮೀನಿನ ವಿಷಯ ಯೋಚಿಸಿಯೇ ಇರಲಿಲ್ಲ. ಹುಡುಗಿ ಅತ್ತು ಅತ್ತು ಮುಖ ಊದಿಸಿಕೊಂಡು ಅವನ ಬಳಿ ಬಂದಳು.

"ಹೀಗಾಗುತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವಾ ನಂಜಯ್ಯ?"

"ಇಲ್ಲ ಪುಟ್ಟಮ್ಮ" ಎಂದ.

ವಕೀಲರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದು ನೋಡಿದರು. ಬೈಯಲಿಲ್ಲ. "ಮುಚ್ಚಿಬಿಡು. ಹೇಗೂ ಕಾರು ತಗೋತಿದ್ದೀನಿ, ಷೆಡ್ಡಿಗೆ ಜಾಗ ಬೇಕಿತ್ತು" ಎಂದರು ಅಷ್ಟೆ. ತಪ್ಪು ಹೊರಿಸಬೇಕಾದರೂ ಇವನಿಗೆ ಏನೋ ತಿಳಿದಿತ್ತು ಎಂದು ಒಪ್ಪಬೇಕಲ್ಲ. ಆ ಯೋಚನೆಯೇ ಅವರಿಗೆ ಬಂದಿರಲಿಲ್ಲ. ನಂಜಯ್ಯನಿಗೆ ತಡೆಯಲಾಗಲಿಲ್ಲ.

"ನಂಗೊತ್ತಿತ್ತು ಸ್ವಾಮಿ."

"ಏನು ಗೊತ್ತಿತ್ತು?"

"ಇದು ಇಂಗೇ ಆಯ್ತದೆ ಅಂತ. ತಂದಾಕೋ ದಿನಾನೇ ಗೊತ್ತಿತ್ತು."

ವಕೀಲರು ನಕ್ಕರು. "ಎಲ್ಲ ಆದ ಮೇಲೆ ಎಲ್ರಿಗೂ ಗೊತ್ತಿರುತ್ತೆ ಬಿಡಯ್ಯ. ಮಧ್ಯಾಹ್ನ ಗಾಡಿಲಿ ಮಣ್ಣು ಬರುತ್ತೆ, ಇಳಿಸ್ಕೋ" ಎಂದು ಹೊರಟುಹೋದರು.

ಅವರು ನಂಬಲಿಲ್ಲ. ನಂಬಿದವಳು ಜಗಲಿಯ ಕಂಬ ಹಿಡಿದು ನಿಂತಿದ್ದ ಚಾಮುಂಡೇಶ್ವರಿ. ನಂಜಯ್ಯ ತಿರುಗಿದಾಗ ಅವಳು ಅವನನ್ನೇ ನೋಡುತ್ತಿದ್ದಳು. "ಪುಟ್ಟಮ್ಮಾ" ಎಂದು ಕರೆದ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕೊಳ ಮುಚ್ಚಲು ನಾಲ್ಕು ದಿನ ಹಿಡಿಯಿತು. ಹುಡುಗಿ ತೋಟಕ್ಕಿಳಿಯಲಿಲ್ಲ. ಐದನೆಯ ದಿನ ಸ್ಕೂಲಿಗೆ ಹೊರಟವಳು ಅವನನ್ನು ದಾಟಿ ಹೋಗುವಾಗ, ಬೇರೆ ಯಾರೋ ಕೆಲಸದವನನ್ನು ನೋಡುವಂತೆ ಒಮ್ಮೆ ನೋಡಿ, ಗೇಟು ತೆಗೆಯಲೆಂದು ಸುಮ್ಮನೆ ನಿಂತಳು. ನಂಜಯ್ಯ ಮಣ್ಣುಗೈ ಒರೆಸಿಕೊಂಡು ಹೋಗಿ ಗೇಟು ತೆಗೆದ.