ಬ್ರೇಕ್ ಆಯಿಲ್ ಒಂದು ಬಾಕಿ

ಗುಳ್ಳೆ, ಅದರ ಹಿಂದೆ ಇನ್ನೊಂದು ಗುಳ್ಳೆ, ಪಾರದರ್ಶಕ ಪೈಪಿನೊಳಗೆ ಒಂದರ ಬೆನ್ನಿಗೆ ಒಂದು ಬರುತ್ತಿವೆ, ನಡುನಡುವೆ ಕಡು ಚಹಾದ ಬಣ್ಣಕ್ಕೆ ತಿರುಗಿದ ಹಳೆಯ ಬ್ರೇಕ್ ಆಯಿಲ್ ಬಾಟಲಿಗೆ ಇಳಿಯುತ್ತಿದೆ, ಇಷ್ಟು ದಿನ ಇದನ್ನು ನಂಬಿಕೊಂಡು ಬೆಟ್ಟ ಇಳಿದೆನಲ್ಲ ಎಂದು ಅವನಿಗೆ ಒಳಗೊಳಗೇ ನಗು — ಬೆನ್ನ ಕೆಳಗೆ ನೆಲ ತಣ್ಣಗಿದೆ, ಮೂಗಿನಿಂದ ಗೇಣು ದೂರದಲ್ಲಿ ಪಿಕಪ್ಪಿನ ಹೊಟ್ಟೆ, ಅಲ್ಲಿನ ಒಂದೊಂದು ನಟ್ಟಿಗೂ ಅವನ ಕೈಯ ಗುರುತು ಸಿಗುತ್ತದೆ, ಭಾನುವಾರ ಬೆಳಗ್ಗೆ ಮನುಷ್ಯನಿಗೆ ಇದಕ್ಕಿಂತ ಸುಖದ ಜಾಗ ಯಾವುದಿದೆ, ಒತ್ತು ಅಂದ, ಒತ್ತಿದೆ ಅಂದಳು ಹೆಂಡತಿ ಮೇಲಿನಿಂದ, ಡ್ರೈವರ್ ಸೀಟಿನಿಂದ, ಅವನು ಚಕ್ರದ ಹಿಂದಿನ ಪುಟ್ಟ ನಿಪ್ಪಲ್ಲಿಗೆ ಸ್ಪ್ಯಾನರ್ ಹಾಕಿ ಚೂರೇ ಚೂರು ಸಡಿಲಿಸಿದ, ಚಿರ್ರೆಂದು ಆಯಿಲ್ ಪೈಪಿಗೆ ನುಗ್ಗಿತು, ಮತ್ತೆ ಬಿಗಿದ, ಬಿಡು ಅಂದ, ಬಿಟ್ಟೆ ಅಂದಳು. ಒತ್ತು, ಒತ್ತಿದೆ, ಬಿಡು, ಬಿಟ್ಟೆ. ಬ್ರೇಕಿನ ಪೈಪಿನಿಂದ ಗಾಳಿ ತೆಗೆಯುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ, ಒಬ್ಬರು ಪೆಡಲ್ ಮೇಲೆ ಕಾಲಿಟ್ಟು ಮೇಲೆ ಕೂರಬೇಕು, ಒಬ್ಬರು ಕೆಳಗೆ ಮಲಗಬೇಕು, ಮುಖ ಮುಖ ಕಾಣುವುದಿಲ್ಲ, ಮಾತೇ ಆಧಾರ, ಇವನು ನಿಪ್ಪಲ್ ಬಿಗಿಯುವ ಮೊದಲೇ ಅವಳು ಕಾಲೆತ್ತಿದಳೋ ಗಾಳಿ ಒಳಗೆ ಹೋಯಿತು, ಮಾಡಿದ್ದೆಲ್ಲ ದಂಡ — ಅವಳು ಒಮ್ಮೆಯೂ ಹಾಗೆ ಎತ್ತಿದವಳಲ್ಲ, ಈ ಗಾಡಿ ಕೊಂಡಾಗಿನಿಂದ ಒಮ್ಮೆಯೂ ಇಲ್ಲ, ಮತ್ತು ಆ ಸೀಟಿನಲ್ಲಿ ಅವಳು ಕೂತಿದ್ದೆಲ್ಲ ಇದೊಂದೇ ಕೆಲಸಕ್ಕೆ, ಗಾಡಿ ನಿಲ್ಲಿಸುವುದು ಮಾತ್ರ ಅವಳ ಪಾಲಿಗೆ ಬಂದದ್ದು, ಅದೂ ನಿಂತ ಗಾಡಿಯನ್ನು. ಅದೇ ಈಗ ತಾಪತ್ರಯಕ್ಕೆ ಬಂದಿದೆ.

ರೀ, ಇನ್ಮೇಲೆ ಗಾಡಿ ನಾನು ತಗೊಂಡು ಹೋಗ್ಲಾ, ಬೆಟ್ಟದ ಲಾಡ್ಜಿಗೆ ನಾನೇ ಬಟ್ಟೆ ಕೊಟ್ಟು ಬರ್ತೀನಿ ಎಂದು ಅವಳು ಕೇಳಿದ್ದು ಬಿಸಿಲು ಶುರುವಾದ ದಿನಗಳಲ್ಲಿ, ಇಸ್ತ್ರಿ ಮೇಜಿನ ಆ ಕಡೆಯಿಂದ, ತಮ್ಮ ಲಾಂಡ್ರಿಯ ಮಷೀನುಗಳ ಗದ್ದಲದ ಮೇಲೆ ದನಿ ಎತ್ತಿ — ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರಿನಲ್ಲಿ ಕಲಿತು, ಮೊದಲನೇ ಸಲಕ್ಕೇ ಪಾಸಾಗಿ ಬಂದಿದ್ದಳು, ಇವನು ಪಾಸಾದದ್ದು ಮೂರನೇ ಸಲಕ್ಕೆ, ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ — ಯಾಕೆ, ನಾನಿಲ್ವಾ ಅಂದ, ನೀವಿದ್ದೀರಿ, ನನಗೆ ಓಡಿಸಬೇಕು ಅನ್ನಿಸಿದೆ, ಅಷ್ಟೇ ಅಂದಳು, ಅಷ್ಟೇ ಅಂದವರ ಜೊತೆ ಏನಂತ ವಾದ ಮಾಡುವುದು, ಕೊಡ್ತೀನಿ, ಯಾರು ಬೇಡ ಅಂದ್ರು, ಹಳೇ ಗಾಡಿ, ಇಂಜಿನ್ ಆಯಿಲ್ ಒಂದು ಬದಲಾಯಿಸಿಬಿಡ್ತೀನಿ ತಡಿ ಅಂದ. ಅಲ್ಲಿಂದ ಶುರುವಾಯಿತು ನೋಡಿ. ಇಂಜಿನ್ ಆಯಿಲ್ಲಿಗೆ ಒಂದು ಭಾನುವಾರ, ಅದರಲ್ಲೂ ಗ್ಯಾರೇಜಿನಲ್ಲಿರುವ ಅವಳ ತಮ್ಮ ಬಂದು, ಭಾವ, ಮುದುಕ ಇಂಜಿನ್ ಕಣ್ರೀ, ದಪ್ಪ ಆಯಿಲ್ ಹಾಕಿ, ಹೊಗೆ ನಿಲ್ಲುತ್ತೆ ಅಂದಾಗ ಇವನಿಗೆ ಮೈ ಉರಿದುಹೋಗಿತ್ತು, ಹೊಗೆ ಎಲ್ಲಿ ಬಿಡುತ್ತೋ ನನ್ನ ಗಾಡಿ, ನೀನೇ ಬಿಡ್ತಾ ಇರೋದು, ಚಳಿಯ ಬೆಳಗ್ಗೆ ನಿನ್ನ ದಪ್ಪ ಆಯಿಲ್ ಮೇಲೇರುವಷ್ಟರಲ್ಲಿ ಒಳಗೆಲ್ಲ ಒಣ ಒಣ ತಿರುಗಿ ಸವೆದುಹೋಗಿರುತ್ತೆ, ಕಂಪನಿಯವರು ಏನು ಹೇಳಿದಾರೋ ಅದನ್ನೇ ಹಾಕೋದು ಅಂತ ಹದಿನೈದು-ನಲವತ್ತು ನಂಬರಿನ ತೆಳು ಆಯಿಲ್ಲಿನ ಡಬ್ಬಿಯನ್ನೇ ತಂದ, ಹಳೆಯದು ಟಾರಿನಂತೆ ಇಳಿದು ಹೊಸದು ಜೇನಿನಂತೆ ಒಳಗೆ ಹೋದಾಗ ಸಿಕ್ಕ ತೃಪ್ತಿ ಊಟ ಮಾಡಿದರೂ ಸಿಗಲಿಕ್ಕಿಲ್ಲ. ಆಮೇಲೆ ಕೂಲೆಂಟ್ — ಹಸಿರೋ ಕೆಂಪೋ, ಇದ್ದದ್ದು ಹಸಿರು, ಎರಡನ್ನೂ ಬೆರೆಸಿದರೆ ರೇಡಿಯೇಟರಿನಲ್ಲಿ ಗೊಜ್ಜಾಗಿ ಕೂರುತ್ತದೆ, ನೀರು ತಿಳಿಯಾಗುವವರೆಗೆ ತೊಳೆದು, ನಲ್ಲಿ ನೀರು ಬೇಡವೆಂದು ಬ್ಯಾಟರಿಗೆ ಹಾಕುವ ಶುದ್ಧ ನೀರು ತಂದು, ಅರ್ಧಕ್ಕರ್ಧ ಬೆರೆಸಿ, ಅದಕ್ಕೊಂದು ಭಾನುವಾರ. ಆಮೇಲೆ ಗೇರ್ ಬಾಕ್ಸ್, ಸ್ಪೇರ್ ಪಾರ್ಟ್ಸ್ ಅಂಗಡಿಯವನು ಒಂದೇ ಡಬ್ಬಿ ತಗೊಳ್ಳಿ ಸಾರ್, ಹಿಂದಿನ ಆಕ್ಸಲಿಗೂ ಅದೇ, ಗೇರಿಗೂ ಅದೇ ಅಂದ, ಹೇಗಯ್ಯಾ ಅದೇ ಆಗುತ್ತೆ, ಆಕ್ಸಲಿಗೆ ಹಾಕೋ ಖಾರದ ಆಯಿಲ್ ಗೇರ್ ಬಾಕ್ಸಿಗೆ ಹಾಕಿದ್ರೆ ಒಳಗಿರೋ ಹಿತ್ತಾಳೆ ರಿಂಗುಗಳನ್ನ ತಿಂದು ಹಾಕುತ್ತೆ, ಹಳೇ ಗಾಡಿಗೆ ಹಳೇ ಥರದ್ದೇ ಬೇಕು ಅಂತ ಗೋಡೌನಿನ ಮೂಲೆಯಿಂದ ಹುಡುಕಿಸಿದ, ಬೇರೆ ಬೇರೆ ಆಯಿಲ್, ಆದ್ದರಿಂದ ಬೇರೆ ಬೇರೆ ಭಾನುವಾರ, ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ, ಅದೇ ಅದರ ಚೆಂದ, ಪ್ರತಿಯೊಂದೂ ನಿಜವಾಗಿಯೂ ಮಾಡಲೇಬೇಕಾದ ಕೆಲಸ, ಮತ್ತು ಪ್ರತಿಯೊಂದೂ ಕುಂಟು ನೆಪ. ಅವಳಿಗೆ ಗೊತ್ತಿಲ್ಲವೆ, ಗೊತ್ತು, ಮುಗೀತಾ ಎಂದು ಕೇಳುವುದನ್ನೇ ಬಿಟ್ಟಿದ್ದಳು, ಹರಿದ ಬೆಡ್‌ಶೀಟಿನ ಚೂರು ತಂದು ಕೈ ಒರೆಸಲು ಕೊಟ್ಟು ಹೋಗುತ್ತಿದ್ದಳು. ಈ ವಾರ ಮಾತ್ರ ಬಾಗಿಲಲ್ಲಿ ನಿಂತು, ಇನ್ನು ಬ್ರೇಕ್ ಆಯಿಲ್ ಒಂದು ಬಾಕಿ ಅಲ್ವಾ, ಭಾನುವಾರ ಬೇಗ ಏಳ್ತೀನಿ, ಕಾಲು ನನ್ನದೇ ತಾನೆ ಬೇಕಾಗೋದು ಅಂದಳು, ಇವನು ಚಹಾದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ.

ಒತ್ತು, ಒತ್ತಿದೆ. ಗಾಡಿಯನ್ನು ಎಲ್ಲಿಗಾದರೂ ಗುದ್ದುತ್ತಾಳೆ ಎಂಬ ಭಯವಲ್ಲ, ದೇವರಾಣೆಗೂ ಅಲ್ಲ, ಇವನೇ ಗೇಟಿಗೆ ಎಷ್ಟು ಸಲ ಉಜ್ಜಿದ್ದಾನೆ, ಕ್ಲಚ್ ಗಟ್ಟಿ ಅಂತ ಹೇಳಿಕೊಂಡು ತಿರುಗಿದ್ದೂ ಬಾಯಿಮಾತಿಗೆ, ಗಾಡಿಯ ಮೇಲಿನ ಮೋಹವೂ ಅಲ್ಲ — ಬಿಡು, ಬಿಟ್ಟೆ — ಮನೆಯಲ್ಲಿ ಅವರಿಬ್ಬರೂ ಮಾತಾಡುವುದೆಲ್ಲಿದೆ, ಕೆಳಗೆ ಲಾಂಡ್ರಿ, ಮೇಲೆ ಮನೆ, ಬೆಳಗ್ಗೆಯಿಂದ ಮಲಗುವವರೆಗೆ ತೊಳೆಯುವ ಮಷೀನು, ಒಣಗಿಸುವ ಮಷೀನು, ಮೆಟ್ಟಿಲೂ ನಡುಗುತ್ತದೆ, ಅಲ್ಲಿ ಬರುವುದು ಬರೀ ಕೂಗು, ಸೋಪು ಬಂತಾ, ಟವೆಲ್ ಲೆಕ್ಕ ಸರಿ ಇದೆಯಾ, ಊಟಕ್ಕೆ ಬರ್ತೀರಾ, ಏನಂದೆ, ಏನಿಲ್ಲ ಬಿಡಿ. ಆದರೆ ಬೆಟ್ಟದ ರಸ್ತೆಗೆ ಗಾಡಿ ತಿರುಗಿದ್ದೇ ತಡ, ಹಿಂದೆ ಒಗೆದ ಬಟ್ಟೆಯ ಗಂಟುಗಳ ಬೆಚ್ಚಗಿನ ವಾಸನೆ, ಕಿಟಕಿಯ ಗಾಜು ಏರಿಸಿದರೆ ಒಳಗೆ ಸದ್ದೇ ಇಲ್ಲ, ಪಕ್ಕದ ಸೀಟಿನಲ್ಲಿ ಅವಳ ಬಾಯಿ ಬಿಚ್ಚಿಕೊಳ್ಳುತ್ತದೆ, ಅವಳ ಅಕ್ಕ ಹೇಳಿದ್ದು, ಕನಸಲ್ಲಿ ಕಂಡದ್ದು, ಮಗಳು ಹುಟ್ಟಿದಾಗ ತನಗಾದ ಭಯ, ಲಾಡ್ಜಿನ ಮ್ಯಾನೇಜರ್ ನಡೆಯುವ ರೀತಿ, ಒಮ್ಮೆ ಮೂರನೇ ತಿರುವಿನಲ್ಲಿ ಎದುರಿನ ರಸ್ತೆ ನೋಡುತ್ತಲೇ, ಮದುವೆಯಾದ ಹೊಸತರಲ್ಲಿ ನಿಮ್ಮನ್ನ ಕಂಡ್ರೆ ನನಗೆ ಅಷ್ಟಕ್ಕಷ್ಟೇ ಇತ್ತು ಅಂದುಬಿಟ್ಟಳು, ಇವನು ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಈಗ ಅಂದ, ಈಗ ಮುಂದೆ ನೋಡ್ಕೊಂಡು ಓಡಿಸಿ ಅಂದಳು, ಆವತ್ತು ಬೆಟ್ಟ ಹತ್ತಿದ್ದು ಗಾಡಿಯೋ ಇವನೋ. ಅವಳೊಬ್ಬಳೇ ಹೋದರೆ ಆ ಮಾತೆಲ್ಲ ಯಾರಿಗೆ ಹೋಗುತ್ತದೆ, ಖಾಲಿ ಸೀಟಿಗೆ, ಇವನಿಗೆ ಉಳಿಯುವುದು ಮಷೀನಿನ ಗುಡುಗುಡು — ಇಷ್ಟು ವಯಸ್ಸಾಗಿ ಹೆಂಡತಿಯ ಮಾತಿಗೆ ಮಗುವಿನಂತೆ ಹಟ ಹಿಡಿಯುವುದೇ ಎಂದು ತನ್ನನ್ನೇ ಬೈದುಕೊಂಡ, ಬೈದುಕೊಂಡರೂ ಹಟ ಹಾಗೇ ಇತ್ತು, ಅವಳ ಮಾತು ಇಲ್ಲದೆ ಅವನಿಗೆ ಆಗುವುದಿಲ್ಲ, ಅಷ್ಟೇ.

ಹಿಂದಿನ ಎರಡು ಚಕ್ರ ಮುಗಿದವು, ಮುಂದೆ ಅತ್ತ ಕಡೆಯದೂ ಮುಗಿಯಿತು, ಪೆಡಲಿಗೆ ದೂರದ್ದು ಮೊದಲು, ಹತ್ತಿರದ್ದು ಕೊನೆಗೆ, ಇನ್ನು ಉಳಿದದ್ದು ಅವಳ ಕಾಲ ಬುಡದ ಚಕ್ರ ಒಂದೇ, ಅವನು ಬೆನ್ನ ಮೇಲೇ ಜಾರಿಕೊಂಡು ಅಲ್ಲಿಗೆ ಬಂದ, ಪೈಪ್ ಸಿಕ್ಕಿಸಿದ, ಒತ್ತು ಅಂದ, ಒತ್ತಿದೆ ಅಂದಳು, ಬಿಡು, ಬಿಟ್ಟೆ, ಆಗ ನೆನಪಾಯಿತು, ಬಾನೆಟ್ಟಿನ ಕೆಳಗಿನ ಪುಟ್ಟ ಡಬ್ಬಿ. ಒಂದೊಂದು ಚಕ್ರ ಮುಗಿದಾಗಲೂ ಎದ್ದು ಹೋಗಿ ಅದಕ್ಕೆ ಹೊಸ ಆಯಿಲ್ ತುಂಬಿ ಬರಬೇಕು, ಈ ಸಲ ಎದ್ದಿಲ್ಲ, ಈಗ ತಳಕ್ಕೆ ಬಂದಿರುತ್ತದೆ, ಇನ್ನೊಂದೆರಡು ಸಲ ಒತ್ತಿದರೆ ಖಾಲಿ, ಖಾಲಿಯಾದರೆ ಮೇಲಿನಿಂದಲೇ ಗಾಳಿ ಒಳಗೆ, ನಾಲ್ಕೂ ಚಕ್ರ ಮತ್ತೆ ಮೊದಲಿನಿಂದ, ಅಷ್ಟಕ್ಕೆ ಬೇಕಾದಷ್ಟು ಆಯಿಲ್ ಉಳಿದಿಲ್ಲ, ಇವತ್ತು ಅಂಗಡಿ ಮುಚ್ಚಿದೆ, ಅಂದರೆ ಮುಂದಿನ ಭಾನುವಾರ — ಯಾರ ತಪ್ಪೂ ಅಲ್ಲ, ಮರೆತುಹೋಯಿತು, ಮರೆಯುವುದು ಮನುಷ್ಯನಿಗೆ ಸಹಜ, ಅಯ್ಯೋ ಎಂಥ ಕೆಲಸವಾಯ್ತು ಎಂದು ಹಣೆ ಬಡಿದುಕೊಂಡರೆ ಸಾಕು, ಒಂದು ವಾರ, ಬ್ರೇಕ್ ಮೆತ್ತಗಾದರೂ ಗೇರಿನಲ್ಲೇ ತಡೆದು ತಾನು ಓಡಿಸಿಯಾನು, ಬೆಟ್ಟದ ರಸ್ತೆಯಲ್ಲಿ ಇನ್ನೊಂದು ವಾರದ ಮಾತು, ನಾಲಿಗೆಯ ತುದಿಗೆ ಒತ್ತು ಎಂಬ ಪದ ಬಂದು ಕೂತಿದೆ. ಮೇಲೆ ಸದ್ದಿಲ್ಲ. ಅವಳು ಕಾಯುತ್ತಿದ್ದಾಳೆ, ತಾನು ಅಂದದ್ದೇ ತಡ ಒತ್ತುತ್ತಾಳೆ, ಯಾಕೆಂದು ಕೇಳುವುದಿಲ್ಲ, ಇಷ್ಟು ವರ್ಷ ಕೇಳಿಲ್ಲ, ಕಣ್ಣಿಗೆ ಕಾಣದವನ ಮಾತು ನಂಬಿ ಒತ್ತು ಅಂದರೆ ಒತ್ತಿದಳು, ಬಿಡು ಅಂದರೆ ಬಿಟ್ಟಳು, ಥೂ, ಇಂಥವಳಿಗೆ ಮಾಡುವ ಕೆಲಸವಾ ಇದು, ತಾಳು ಇವಳೇ, ಒತ್ತಬೇಡ ಎಂದು ಹೊರಳಿ ಹೊರಬಂದು, ಮೊಣಕಾಲು ಹಿಡಿದು ಎದ್ದು, ಬಾನೆಟ್ಟಿನತ್ತ ಹೋದ, ಡಬ್ಬಿಯ ತಳದಲ್ಲಿ ಬೆರಳಗಲ ಉಳಿದಿತ್ತು, ಹೊಸ ಆಯಿಲ್ ಸುರಿದ, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ಕಿತ್ತುಹಾಕುತ್ತದೆ ಎಂದು ಬೆಡ್‌ಶೀಟಿನ ಚೂರು ಅಡ್ಡ ಹಿಡಿದು ಸುರಿದ. ತೆರೆದ ಬಾಗಿಲಿಂದ ಅವಳ ದನಿ ಬಂತು, ಏಳ್ತೀರೋ ಇಲ್ವೋ ಅಂತ ನಾನೂ ನೋಡ್ತಾ ಇದ್ದೆ. ಏನಂದೆ ಅಂದ, ಕೇಳಿಸಿದ್ದರೂ. ಪ್ರತಿ ಚಕ್ರಕ್ಕೂ ಎದ್ದವರು ಈ ಸಲ ಎದ್ದಿರಲಿಲ್ಲ, ಒತ್ತು ಅಂದಿದ್ರೂ ನಾನು ಒತ್ತುತ್ತಾ ಇರಲಿಲ್ಲ ಅಂದಳು, ದನಿಯಲ್ಲಿ ಸಿಟ್ಟಿರಲಿಲ್ಲ, ನಗುವಿತ್ತು, ಅವನು ಹೋಗಿ ಮತ್ತೆ ಮಲಗಿಕೊಂಡ.

ಕೊನೆಯ ಚಕ್ರದಿಂದ ಆಯಿಲ್ ತಿಳಿಯಾಗಿ ಬಂತು, ಗುಳ್ಳೆ ಒಂದೂ ಇಲ್ಲ, ಪೆಡಲ್ ಕಲ್ಲಿನಂತಿದೆ ರೀ ಅಂದಳು, ಇನ್ನೇನಾದ್ರೂ ಬಾಕಿ ಇದೆಯಾ ಅಂದಳು, ಅವನು ಮಲಗಿದಲ್ಲೇ ಗಾಡಿಯ ಮೂತಿಯಿಂದ ಬಾಲದವರೆಗೆ ಮನಸ್ಸಿನಲ್ಲೇ ತಡಕಾಡಿದ, ಇಂಜಿನ್ ಆಯಿತು, ರೇಡಿಯೇಟರ್ ಆಯಿತು, ಗೇರ್, ಆಕ್ಸಲ್, ಬ್ಯಾಟರಿ, ವೈಪರಿನ ನೀರು ಅಂದ, ನೆನ್ನೆಯೇ ತುಂಬಿದೀನಿ ಅಂದಳು. ಕೈ ತೊಳೆದುಕೊಂಡು ಬಂದು ನಿಂತ. ಅವಳು ಸೀಟು ಮುಂದಕ್ಕೆ ಎಳೆದುಕೊಂಡಿದ್ದಳು, ಕನ್ನಡಿ ತಿರುಗಿಸಿಕೊಂಡಿದ್ದಳು, ಹತ್ತಿ ರೀ, ಬ್ರೇಕ್ ನೋಡೋಕೆ ಇವತ್ತು ನೀವೂ ಬನ್ನಿ, ನಾಳೆಯಿಂದ ಬೇಡ ಅಂದಳು, ನಾಳೆಯಿಂದ ಬೇಡ ಎಂಬುದು ಹೋಗಿ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು, ಅವನು ಸುತ್ತಿ ಬಂದು ಆಚೆ ಬಾಗಿಲು ತೆಗೆದ, ಅದನ್ನು ಸ್ವಲ್ಪ ಎತ್ತಿ ಎಳೆಯಬೇಕೆಂದು ಅವನಿಗೆ ಗೊತ್ತೇ ಇರಲಿಲ್ಲ, ಎತ್ತಿ ಎಳೀರಿ ಎಂದು ಅವಳೇ ಹೇಳಬೇಕಾಯಿತು, ಕೂತ, ಸೀಟಿನಲ್ಲಿ ಅವಳು ಕೂತು ಕೂತು ಬಿದ್ದ ತಗ್ಗು ಅವನಿಗೆ ಸರಿಹೊಂದಲಿಲ್ಲ, ಕೈಗೆ ಕೆಲಸವಿಲ್ಲ, ಕಾಲಿಗೆ ಪೆಡಲಿಲ್ಲ, ಎದುರಿಗೆ ಖಾಲಿ ಬೀದಿ, ಮತ್ತು ಯಾರೂ ಕೇಳದಿದ್ದರೂ ಅವನ ಬಾಯಿ ತಾನಾಗಿ ತೆರೆದುಕೊಂಡಿತು, ಇಲ್ಲಿ ಕೂತರೆ ಹೀಗಾಗುತ್ತದೆಯೇ, ಇದೇನು ಸೀಟಿನ ಗುಣವೇ, ನೀನೊಬ್ಬಳೇ ಹೋದ್ರೆ ನನ್ನ ಜೊತೆ ಯಾರು ಮಾತಾಡ್ತಾರೆ ಎಂದುಬಿಟ್ಟ, ಕಿವಿ ಬಿಸಿಯಾಯಿತು, ಹೊರಗೆ ನೋಡಿದ. ಅವಳು ತಿರುಗಲಿಲ್ಲ, ಬೀಗದ ಕೈ ತಿರುಗಿಸಿದಳು, ಇಂಜಿನ್ ಒಂದೇ ಸಲಕ್ಕೆ ಹಿಡಿದು ಮೆಲ್ಲಗೆ ಗುನುಗತೊಡಗಿತು, ಹೊಸ ಆಯಿಲ್ಲಿನ ಗುಣ, ಮಷೀನ್ ಆಫ್ ಮಾಡಿ ಅಂದಳು. ಯಾವ ಮಷೀನು ಅಂದ. ಮನೆಯಲ್ಲಿರೋದು, ಸಂಜೆ ಹೊತ್ತು ಆಫ್ ಮಾಡಿ, ಮಾತಾಡೋಣ ಅಂದಳು, ಇಷ್ಟೇ, ಇಷ್ಟು ವರ್ಷ, ಒಂದು ಸ್ವಿಚ್ಚು, ಅವನ ಕಣ್ಣು ಕೆಳಗೆ ಹೋಯಿತು, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂತಿದ್ದಾಳೆ, ಇಷ್ಟು ವರ್ಷ ದನಿಯಷ್ಟೇ ಕೇಳಿದ್ದು, ಪೆಡಲಿನ ಮೇಲೆ ಆ ಕಾಲನ್ನು ಅವನು ನೋಡಿಯೇ ಇರಲಿಲ್ಲ, ಸೋಪಿನ ನೀರಿಗೆ ಬೆಳ್ಳಗಾದ ಹಿಮ್ಮಡಿ, ಅಗಲವಾಗಿ ಬಿಡಿಸಿಕೊಂಡ ಬೆರಳುಗಳು, ಪೆಡಲನ್ನು ಒತ್ತಿ ಹಿಡಿದಿರುವ ಕಾಲು, ಬಿಡು ಎಂದು ಈಗ ಯಾರೂ ಹೇಳಬೇಕಾಗಿಲ್ಲ, ಹೆಬ್ಬೆರಳು ಮೊದಲು, ಆಮೇಲೆ ಉಳಿದವು, ಆ ಕಾಲು, ಬ್ರೇಕಿನಿಂದ ಮೇಲೇಳುತ್ತಿರುವ ಅವಳ ಕಾಲು —