ಚಾರ್ಜ್ ಯಾರಿಗೆ?

ಊರಿಗೆ ಕುಡಿಯುವ ನೀರು ಬಿಡುವ ಮೊದಲು ಅದನ್ನು ಪರೀಕ್ಷೆ ಮಾಡುವ ಸರ್ಕಾರಿ ನೌಕರಳನ್ನು ಎಲ್ಲರೂ ಹನಿಯಕ್ಕ ಎಂದೇ ಕರೆಯುತ್ತಿದ್ದರು. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ನಾಲ್ಕು ಹನಿ ದ್ರಾವಣ ಬಿಡಬೇಕು. ತಿಳಿಹಳದಿ ಬಂದರೆ ಕ್ಲೋರಿನ್ ಸರಿಯಿದೆ. ಬಾರದಿದ್ದರೆ ವಾಲ್ವ್ ತಿರುಗಿಸುವಂತಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಮದುವೆಯಾದ ಮರುದಿನವೂ ಬಂದು ಹನಿ ಬಿಟ್ಟು ಹೋದವಳು ಅವಳು, ಗಂಡ ಇಂದಿಗೂ ಅದನ್ನು ಆಡಿಕೊಂಡು ನಗುತ್ತಾನೆ. ಅವನ ಬೆನ್ನು ಕೈಕೊಟ್ಟ ಮೇಲೆ ಮನೆ ನಡೆಯುವುದೂ ಈ ನಾಲ್ಕು ಹನಿಯಿಂದಲೇ.

ಅಂಥವಳ ಮೇಜಿನ ಮೇಲೆ ಸೋಮವಾರ ಬೆಳಿಗ್ಗೆ, ಅವಳಿನ್ನೂ ಕೊಳವೆ ತೊಳೆಯುವ ಮೊದಲೇ, ಸಾಹೇಬರು ಒಂದು ಹಾಳೆ ತಂದಿಟ್ಟರು. ಅರವತ್ತಮೂರು ನೌಕರರು 'ಹೆಚ್ಚುವರಿ' ಎಂದು ಮೇಲಿನವರು ತೀರ್ಮಾನಿಸಿದ್ದಾರಂತೆ. ಇವಳದು ಹದಿನೇಳನೆಯ ಹೆಸರು. ಇಂದೇ ಕೆಲಸದಿಂದ ಬಿಡುಗಡೆ.

ಹೆಚ್ಚುವರಿ! ಅಡುಗೆಗೆ ಉಪ್ಪು ಹೆಚ್ಚಾಗಬಹುದು, ಅಂಗಿಯ ತೋಳು ಹೆಚ್ಚಾಗಬಹುದು. ಇಡೀ ಊರಿಗೆ ಒಬ್ಬಳೇ ಇರುವವಳು ಅದು ಹೇಗೆ ಹೆಚ್ಚಾದಳು? ಹನಿಯಕ್ಕನಿಗೆ ರೇಗಿತು. ಕಣ್ಣೂ ತುಂಬಿತು, ಆದರೆ ಸಾಹೇಬರ ಮುಂದೆ ಸುರಿಸುವಷ್ಟು ಸೋವಿ ಕಣ್ಣೀರು ಅವಳದಲ್ಲ.

"ಸೈನ್ ಹಾಕಮ್ಮ, ನನ್ನ ಕೈಯಲ್ಲೇನೂ ಇಲ್ಲ," ಎಂದರು ಸಾಹೇಬರು.

"ಹಾಕ್ತೀನಿ ಸಾರ್. ಚಾರ್ಜ್ ಯಾರಿಗೆ ಕೊಡ್ಲಿ?"

ಸರ್ಕಾರಿ ಕಚೇರಿಯಲ್ಲಿ ಈ ಪ್ರಶ್ನೆಯನ್ನು ದಾಟಿ ಹೋದವರಿಲ್ಲ. ಕೆಲಸವನ್ನು ಪಟ್ಟಿ ಮಾಡಿ ಇನ್ನೊಬ್ಬರಿಗೆ ಒಪ್ಪಿಸಬೇಕು. ಅವರು 'ವಹಿಸಿಕೊಂಡೆ' ಎಂದು ಸಹಿ ಹಾಕುವ ತನಕ ಕುರ್ಚಿ ಬಿಟ್ಟು ಏಳುವಂತಿಲ್ಲ.

"ಅಲ್ಲೇ ಬರ್ದಿದೆಯಲ್ಲ, ಪಂಪ್ ಆಪರೇಟರ್‌ಗೆ."

ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಪಂಪ್ ಆಪರೇಟರ್ ಬಾಗಿಲಲ್ಲೇ ನಿಂತಿದ್ದ. ಅವನ ಕೈಯಲ್ಲೂ ಅಂಥದೇ ಹಾಳೆ. "ನನ್ನನ್ನೂ ತೆಗ್ದಿದಾರೆ ಸಾರ್. ನನ್ನ ಚಾರ್ಜ್ ಹನಿಯಕ್ಕಂಗೆ ಕೊಡ್ಬೇಕಂತೆ!"

ಸಾಹೇಬರು ಎರಡೂ ಹಾಳೆ ಅಕ್ಕಪಕ್ಕ ಇಟ್ಟು ನೋಡಿದರು. ಅವಳು ಅವನಿಗೆ ಕೊಡಬೇಕು, ಅವನು ಅವಳಿಗೆ ಕೊಡಬೇಕು, ಆಮೇಲೆ ಇಬ್ಬರೂ ಮನೆಗೆ ಹೋಗಬೇಕು. ಪಟ್ಟಿ ಮಾಡಿದ ಪುಣ್ಯಾತ್ಮ ತಲೆ ಎಣಿಸಿದ್ದನೇ ಹೊರತು ಹೆಸರು ಓದಿರಲಿಲ್ಲ.

"ಹಾಗಾದ್ರೆ ನೀವೇ ವಹಿಸ್ಕೊಳ್ಳಿ ಸಾರ್," ಎಂದು ಹನಿಯಕ್ಕ ಪಟ್ಟಿ ಬರೆಯತೊಡಗಿದಳು. "ಗಾಜಿನ ಕೊಳವೆ ಹನ್ನೊಂದು, ಒಂದರ ಬಾಯಿ ಒಡೆದಿದೆ. ದ್ರಾವಣದ ಬಾಟಲಿ ಮೂರು. ವಾಲ್ವ್ ಕೋಣೆ ಬೀಗದಕೈ ಒಂದು. ನೀರು ಕುಡಿಯೋ ಜನ ನಲವತ್ತು ಸಾವಿರ. ಎಲ್ಲಾ ಸುಸ್ಥಿತಿಯಲ್ಲಿದೆ ಅಂತ ನೋಡ್ಕೊಂಡು ಸೈನ್ ಹಾಕಿ."

ಸಾಹೇಬರು ಪೆನ್ನು ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. ನಾಳೆ ಯಾರದಾದರೂ ಮನೆಯಲ್ಲಿ ಮಗು ವಾಂತಿ ಮಾಡಿಕೊಂಡರೆ ಆ ಸಹಿ ಯಾರ ಕುತ್ತಿಗೆಗೆ ಬರುತ್ತದೆಂದು ಅವರಿಗೆ ಗೊತ್ತಿಲ್ಲವೇ? ಪೆನ್ನು ಕೆಳಗಿಟ್ಟರು. "ಒಂದ್ ಲೋಟ ನೀರು ಕೊಡಮ್ಮ."

ಅವಳು ಟ್ಯಾಂಕಿನ ನಲ್ಲಿಯಿಂದ ಲೋಟ ತುಂಬಿ ಮುಂದಿಟ್ಟಳು. "ಇವತ್ತಿಂದು ಇನ್ನೂ ಪರೀಕ್ಷೆ ಆಗಿಲ್ಲ ಸಾರ್."

ತುಟಿಯವರೆಗೆ ಹೋದ ಲೋಟ ಕೆಳಗಿಳಿಯಿತು. "ಮಾಡಮ್ಮ ಮತ್ತೆ."

"ನಾನು ಹೆಚ್ಚುವರಿ. ಮುಟ್ಟೋ ಹಾಗಿಲ್ಲ."

"ತಮಾಷೆ ಮಾಡ್ತಿದೀಯಾ?"

"ತಮಾಷೆ ಮಾಡಿದ್ದು ನೀವು ಸಾರ್! ಇಷ್ಟು ವರ್ಷ ನನ್ನ ಹನಿ ನಂಬಿ ಕುಡಿದ್ರಿ. ಇವತ್ತು ನಾನಿಲ್ದೆ ಒಂದು ಲೋಟ ಕುಡಿಯೋಕೆ ಧೈರ್ಯ ಇಲ್ಲ ನಿಮಗೆ. ಊರಿಗೆ ಹೇಗೆ ಕುಡಿಸ್ತೀರಿ?" ಅವಳು ಎರಡೂ ಹಾಳೆಯನ್ನು ಅವರತ್ತ ತಳ್ಳಿದಳು. "ಡ್ಯೂಟಿಯಲ್ಲಿದೀವಿ ಅಂತ ಬರೆದುಕೊಡಿ. ಆಮೇಲೆ ಹನಿ."

ನೀರು ಬಿಡುವ ಹೊತ್ತಾಗಿತ್ತು. ಸಾಹೇಬರು ಎರಡೂ ಹಾಳೆಯ ಮೇಲೆ ಬರೆದರು: 'ಚಾರ್ಜ್ ವಹಿಸಿಕೊಳ್ಳುವವರು ಇಲ್ಲದ ಕಾರಣ ಬಿಡುಗಡೆ ಮಾಡಿರುವುದಿಲ್ಲ.' ಸಹಿ ಹಾಕಿ ಮೊಹರು ಒತ್ತಿದರು.

ಹನಿಯಕ್ಕ ತನ್ನ ಹಾಳೆಯನ್ನು ಎರಡು ಸಲ ಓದಿ, ಮಡಚಿ, ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ ಕೊಳವೆ ತೊಳೆದು ನೀರು ಹಿಡಿದು ನಾಲ್ಕು ಹನಿ ಬಿಟ್ಟಳು. ತಿಳಿಹಳದಿ ಬಂತು. "ಈಗ ಕುಡೀರಿ ಸಾರ್."

ಸಾಹೇಬರು ಲೋಟ ಎತ್ತಿ ಗಟಗಟ ಕುಡಿದು ಹೊರಟುಹೋದರು.

"ಸಾಹೇಬ್ರಿಗೇ ನೀರು ಕುಡಿಸಿಬಿಟ್ಯಲ್ಲ ತಾಯಿ!" ಎಂದು ಆಪರೇಟರ್ ನಕ್ಕ. ಮರುಗಳಿಗೆಗೇ ಅವನ ಮುಖ ಸಣ್ಣದಾಯಿತು. "ನಾಳೆ ಹೊಸ ಆದೇಶ ತಂದ್ರೆ?"

"ತರ್ಲಿ. ಆಗ್ಲೂ ಚಾರ್ಜ್ ಯಾರಿಗೆ ಅಂತ ಕೇಳ್ತೀನಿ. ನೀವು ಹೋಗಿ ವಾಲ್ವ್ ತಿರುಗ್ಸಿ ಅಣ್ಣ. ಆಮೇಲೆ ಮಿಕ್ಕ ಅರವತ್ತೊಂದು ಜನಕ್ಕೂ ಫೋನ್ ಮಾಡಿ. ಚಾರ್ಜ್ ಕೊಡದೆ ಒಬ್ರೂ ಕುರ್ಚಿ ಬಿಟ್ಟು ಏಳ್ಬಾರ್ದು ಅಂತ ಹೇಳಿ."