ತಡವಾದ ಏಟು

“ಕಾಂಗ್, ಆ ಸ್ನೇರ್ ಡ್ರಮ್ಮಿನ ಏಟನ್ನ ಅಷ್ಟು ತಡ ಮಾಡಿ ಹೊಡೀತೀರಲ್ಲ, ಅದನ್ನ ಮನಸ್ಸಲ್ಲಿ ಹ್ಯಾಗೆ ಎಣಿಸ್ಕೋತೀರಿ?”

ಕೇಳಿದವಳು ಇಂತಾನ್. ಇಪ್ಪತ್ನಾಲ್ಕು ವರ್ಷದ ಹುಡುಗಿ, ಬ್ಯಾಂಡಿಗೆ ಹೊಸದಾಗಿ ಬಂದ ಬೇಸ್ ಗಿಟಾರಿನವಳು. ಕಾಂಗ್, ಅಂದರೆ ಅಣ್ಣ, ಎಂದು ಗೌರವದಿಂದಲೇ ಕರೆದು, ಕಲಿಯುವ ಆಸೆಯಿಂದಲೇ ಕೇಳಿದ್ದಳು, ಪಾಪ. ಆದರೆ ಡ್ರಮ್ಮಿನ ಮುಂದೆ ಕೂತಿದ್ದ ಚೆಚೆಪ್‌ಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

“ಎಣಿಸೋದಲ್ಲಮ್ಮ ಅದು. ತೂಕಡಿಸೋದು.”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಹಾಡುಗಾರ ಗುಮಿಲಾರ್ ಎಲ್ಲರಿಗಿಂತ ಜೋರಾಗಿ ನಕ್ಕ. ಗೊತ್ತಿದ್ದೂ ಗೊತ್ತಿಲ್ಲದವನಂತೆ ನಗುವುದು ಅವನಿಗೆ ಹುಟ್ಟಿನಿಂದ ಬಂದ ಚಾಳಿ. ಇಂತಾನ್ ಮಾತ್ರ ನಗಲಿಲ್ಲ. ಏನೋ ತಪ್ಪು ಕೇಳಿದೆ ಎಂದು ಮುಖ ಸಣ್ಣ ಮಾಡಿಕೊಂಡು ತಂತಿಗಳನ್ನು ಶ್ರುತಿ ಮಾಡುತ್ತ ಕೂತಳು.

ಬಾಂಡುಂಗ್‌ನಲ್ಲಿ ಗಿಟಾರು ಮುಟ್ಟಿದ ಯಾರನ್ನು ಬೇಕಾದರೂ ಕೇಳಿ, ಕಾವಾ ಬ್ಯಾಂಡಿನ ‘ಹನ್ನೊಂದನೇ ಗಲ್ಲಿ’ ಹಾಡು ಗೊತ್ತಿಲ್ಲ ಎನ್ನುವವರು ಸಿಗುವುದಿಲ್ಲ. ಅದರಲ್ಲಿ ಡ್ರಮ್ಮಿನ ಒಂದೊಂದು ಏಟೂ ಕೂದಲೆಳೆಯಷ್ಟು ತಡವಾಗಿ, ಕಾಲೆಳೆದುಕೊಂಡು ಬಂದು ಬೀಳುತ್ತದೆ. ಪತ್ರಿಕೆಯವರು ಅದಕ್ಕೆ ‘ಚೆಚೆಪ್‌ನ ಭಾರ’ ಎಂದು ಹೆಸರಿಟ್ಟರು. ಡ್ರಮ್ ಮೇಷ್ಟ್ರುಗಳು ಅದನ್ನು ಪಾಠ ಮಾಡಿ ಹೇಳಿಕೊಟ್ಟರು. ಚೆಚೆಪ್ ಈಗ ಚಿಚಾಡಾಸ್‌ನಲ್ಲಿ ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಅಭ್ಯಾಸದ ಕೋಣೆ ಇಟ್ಟುಕೊಂಡಿದ್ದ. ಶಾಲೆ ಬಿಟ್ಟೊಡನೆ ಸಮವಸ್ತ್ರದಲ್ಲೇ ಬರುವ ಮಕ್ಕಳು ಗೋಡೆಯಾಚೆ ಕೂತು ಅದೇ ಹಾಡನ್ನು, ಅದೇ ಏಟನ್ನು ಎಳೆದೆಳೆದು ಬಾರಿಸುತ್ತಿದ್ದವು. ದಿನಕ್ಕೆ ಹತ್ತು ಸಲ! ಒಮ್ಮೊಮ್ಮೆ ಬಾಗಿಲು ಒದ್ದು ಒಳಗೆ ಹೋಗಿ, “ಅದು ಶೈಲಿ ಅಲ್ಲ ಕಣ್ರೋ, ಕಾಯಿಲೆ!” ಎಂದು ಕಿರುಚಬೇಕೆನ್ನಿಸುತ್ತಿತ್ತು. ಕಿರುಚಿದರೆ ನಾಳೆಯಿಂದ ಯಾರೂ ಬರುವುದಿಲ್ಲ. ಹಲ್ಲು ಕಚ್ಚಿ ಕೂರುತ್ತಿದ್ದ.

ನಡೆದದ್ದು ಇಷ್ಟೇ. ತೊಂಬತ್ತೆಂಟನೇ ಇಸವಿ. ಸ್ಟುಡಿಯೋಗಳಲ್ಲಿ ಒಂದು ಪಾಳಿ ಎಂದರೆ ಆರು ಗಂಟೆಯ ಹೊತ್ತು. ಮ್ಯಾನೇಜರ್ ಹೆರ್ಲಾನ್ ಜುಗ್ಗ, ಒಂದೇ ಪಾಳಿ ಹಿಡಿದಿದ್ದ. ಡ್ರಮ್ಮಿಗೆ ಚೆಚೆಪ್, ಬೇಸಿಗೆ ಅವನ ಜೀವದ ಗೆಳೆಯ ಯುಸೆಪ್. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಒಂದೇ ಟೇಪಿಗೆ ಬಾರಿಸಬೇಕು, ಉಳಿದವರು ಆಮೇಲೆ ಅದರ ಮೇಲೆ ಸೇರಿಸಬೇಕು. ಆಗ ಊರ ತುಂಬ ಪುತಾವ್ ಎಂಬ ಅಮಲಿನ ಪುಡಿ. ಅರ್ಧ ಊರಿನ ವಾದ್ಯಗಾರರು ಅದನ್ನು ಸೂಜಿಯಲ್ಲಿ ಏರಿಸಿಕೊಳ್ಳುತ್ತಿದ್ದರು. ಇವರಿಬ್ಬರಿಗೆ ಅವತ್ತು ಬೆಳಗಿನಿಂದ ಸಿಕ್ಕಿರಲಿಲ್ಲ. ಕೈ ನಡುಗಿ ಎರಡು ಸಲ ಬಾರಿಸಿದ್ದೂ ಕೆಟ್ಟಿತು. ಹೆರ್ಲಾನ್ ಗಡಿಯಾರ ನೋಡಿದ, ತಾನೇ ಎದ್ದು ಹೊರಗೆ ಹೋದ, ಇಪ್ಪತ್ತು ನಿಮಿಷದಲ್ಲಿ ಪೊಟ್ಟಣ ತಂದು ಕೈಗಿಟ್ಟ. “ತಗೊಳ್ರೋ, ಬೇಗ ಮುಗಿಸ್ರೋ.” ಬಚ್ಚಲಲ್ಲಿ ಇಬ್ಬರಿಗೂ ಒಂದೇ ಸೂಜಿ. ಮೊದಲು ಯುಸೆಪ್, ಆಮೇಲೆ ಚೆಚೆಪ್.

ಮೂರನೇ ಸಲ ಬಾರಿಸಿದಾಗ ಕೈ ನಡುಗಲಿಲ್ಲ. ಕೈ ಇದೆ ಎಂಬುದೇ ಗೊತ್ತಾಗಲಿಲ್ಲ. ಕಣ್ಣೆವೆ ಜೋತುಬಿದ್ದಿತ್ತು. ಓಡುವ ಹಾಡು ತೆವಳಿತು. “ತೀರಾ ನಿಧಾನ ಆಯ್ತಲ್ಲ, ಇನ್ನೊಂದ್ಸಲ ನೋಡೋಣ್ವಾ?” ಎಂದು ರೆಕಾರ್ಡಿಂಗಿನವನು ಕೇಳಿದ್ದಕ್ಕೆ ಹೆರ್ಲಾನ್, “ಪಾಳಿ ಮುಗೀತು, ಇದೇ ಇರ್ಲಿ” ಎಂದ. ಬಾಗಿಲಲ್ಲಿ ಮುಂದಿನ ಪಾಳಿಯವರು ಆಗಲೇ ಚಪ್ಪಲಿ ಬಿಡುತ್ತಿದ್ದರು.

ಆ ಕ್ಯಾಸೆಟ್ ಸುರಬಾಯಾದಿಂದ ಮಕಾಸ್ಸಾರ್‌ವರೆಗೆ ಮನೆಮನೆ ಸೇರಿತು. ಮೈದಾನಗಳು ತುಂಬಿದವು. ಚೆಚೆಪ್‌ನ ಹೆಸರು ಬರೆದ ಅಂಗಿ ತೊಟ್ಟು ಹುಡುಗರು ಓಡಾಡಿದರು. ಎಂಟು ತಿಂಗಳಾದ ಮೇಲೆ ಸೆಮಾರಾಂಗ್‌ನ ಹೋಟೆಲಿನ ಬಚ್ಚಲಲ್ಲಿ ಯುಸೆಪ್ ಸತ್ತ. ಬಾಗಿಲಾಚೆ ಚೆಚೆಪ್ ತನ್ನ ಸರದಿಗೆ ಕಾಯುತ್ತ, “ಎಷ್ಟೊತ್ತೋ, ಬೇಗ ಬಾರೋ ನಾಯಿ” ಎಂದು ಬಾಗಿಲು ಗುದ್ದುತ್ತಿದ್ದ. ಹೃದಯ ನಿಂತು ಸತ್ತ ಎಂದು ಹೆರ್ಲಾನ್ ಪತ್ರಿಕೆಗೆ ಹೇಳಿಕೆ ಕೊಟ್ಟ. ಹೃದಯ ನಿಲ್ಲದೆ ಯಾರು ತಾನೇ ಸಾಯುತ್ತಾರೆ?

ಆಮೇಲಿನ ನಾಲ್ಕು ವರ್ಷ ಹೇಳುವಂಥದಲ್ಲ. ಡ್ರಮ್ ಮಾರಿದ, ಅವ್ವನ ಹೊಲಿಗೆ ಮಿಷನ್ ಮಾರಿದ, ತಂಗಿಯ ಮದುವೆಯ ದಿನ ಉಡುಗೊರೆಯ ಪೆಟ್ಟಿಗೆಗೆ ಕೈ ಹಾಕಿ ಸಿಕ್ಕಿಬಿದ್ದ. ಕೊನೆಗೆ ಮಾವಂದಿರು ಕೈಕಾಲು ಹಿಡಿದು ತಾಸಿಕ್ ಕಡೆಯ ಬೆಟ್ಟದ ಮೇಲಿನ ಒಂದು ಪೆಸಾಂತ್ರೆನ್‌ಗೆ, ಧರ್ಮಪಾಠದ ಮಠಕ್ಕೆ, ಎಸೆದು ಬಂದರು. ಅಲ್ಲಿ ನಸುಕಿಗೆ ಮುಂಚೆ ಕೊಳದ ತಣ್ಣೀರಲ್ಲಿ ಮುಳುಗಿಸುತ್ತಿದ್ದರು, ಗಂಟೆಗಟ್ಟಲೆ ದೇವರ ಹೆಸರು ಹೇಳಿಸುತ್ತಿದ್ದರು. ಚೆಚೆಪ್ ಬೈದ, ಕಚ್ಚಿದ, ಎರಡು ಸಲ ಓಡಿಹೋದ, ಎರಡು ಸಲವೂ ತಾನೇ ವಾಪಸು ಬಂದ. ಒಂದು ದಿನ ಮಸೀದಿಯ ದೊಡ್ಡ ನಗಾರಿ ಬಾರಿಸುವ ಮುದುಕನಿಗೆ ಜ್ವರ ಬಂತು. ಗುರುಗಳು ಇವನ ಕೈಗೆ ಕೋಲು ಕೊಟ್ಟರು. ಏಟು ಬೀಳಬೇಕಾದ ಗಳಿಗೆಯಲ್ಲೇ ಬಿತ್ತು. ಚೆಚೆಪ್ ಅಲ್ಲೇ ಕುಸಿದು ಕೂತು ಅತ್ತ. ಅದಾಗಿ ಹನ್ನೊಂದು ವರ್ಷ, ಸೂಜಿ ಮುಟ್ಟಿಲ್ಲ.

ಈಗ ಹೆರ್ಲಾನ್ ಹಳೆಯ ಕಾವಾ ಬ್ಯಾಂಡನ್ನು ಮತ್ತೆ ಒಟ್ಟು ಮಾಡಿದ್ದ. ಒಂದು ದೊಡ್ಡ ಕಾರ್ಯಕ್ರಮಕ್ಕೆ ದುಡ್ಡು ಹಾಕಲು ಸಿಗರೇಟು ಕಂಪನಿಯೊಂದು ಮುಂದೆ ಬಂದಿತ್ತು. ಚೆಚೆಪ್ ಒಪ್ಪಿದ್ದು ಒಂದೇ ಕಾರಣಕ್ಕೆ, ಆ ಕಾರಣದ ಹೆಸರು ಮಾಕ್ ಇತಿ.

ಮಾಕ್ ಇತಿ ಯುಸೆಪ್‌ನ ತಾಯಿ. ಹನ್ನೊಂದನೇ ಗಲ್ಲಿಯ ಬಾಯಲ್ಲಿ ಒಲೆ ಹೂಡಿ, ಮಣ್ಣಿನ ಬಟ್ಟಲುಗಳಲ್ಲಿ ಅಕ್ಕಿಹಿಟ್ಟಿನ ಸುರಾಬಿ ಬೇಯಿಸಿ ಮಾರುವವಳು, ಬ್ಯಾಂಡಿನ ಹುಡುಗರಿಗೆಲ್ಲ ಮಾಕ್, ಅಂದರೆ ಅಮ್ಮ. ಹುಡುಗರು ಹಾಡು ಕಟ್ಟಿದ್ದು ಅವಳ ಹಿಂದಿನ ಕೋಣೆಯಲ್ಲೇ. ಒಪ್ಪುವ ಮೊದಲು ಚೆಚೆಪ್ ಕಾರ್ಯಕ್ರಮದ ಸುದ್ದಿ ಹೇಳಲು ಹೋದಾಗ ಅವಳು ಹೊಗೆಗೆ ಕಣ್ಣು ಕಿರಿದು ಮಾಡಿ ಸುರಾಬಿ ಎಬ್ಬಿಸುತ್ತಿದ್ದಳು.

“ನನ್ನ ಮನೇಲಿ ಆ ಹಾಡು ಹಿಂಗಿತ್ತೇನೋ? ನೀವು ಬಡಿಯೋ ರಭಸಕ್ಕೆ ಒಲೆ ಮೇಲಿನ ಮುಚ್ಚಳ ಎಲ್ಲ ಕುಣೀತಿದ್ವು. ಆಮೇಲೆ ರೇಡಿಯೋದಲ್ಲಿ ಬಂತು ನೋಡು, ಇದ್ಯಾವ ಹೆಣ ಹೊರೋ ಹಾಡಪ್ಪಾ ಅಂದ್ಕೊಂಡೆ. ನನ್ನ ಮಗ ಅಂತ ಗುರುತೇ ಸಿಗಲಿಲ್ಲ.”

“ಅದು... ಸ್ಟುಡಿಯೋದಲ್ಲಿ ಹಂಗಾಯ್ತು ಮಾಕ್.”

“ಒಂದ್ಸಲ ಸರಿಯಾಗಿ ಬಾರ್ಸೋ. ನಾನೇ ಬಂದು ಕೇಳ್ತೀನಿ. ಸಾಯೋದ್ರೊಳಗೆ ಒಂದ್ಸಲ.”

ಚೆಚೆಪ್ ಮಾತು ಕೊಟ್ಟ. ಅವಳಿಗೆ ಹೇಳಬೇಕಾದ ಇನ್ನೊಂದು ಮಾತಿತ್ತು. ಗುರುಗಳ ಮುಂದೆ, ದೇವರ ಮುಂದೆ ಹೇಳಿ ಮುಗಿಸಿದ್ದ ಆ ಮಾತು ಇವಳಿಗೆ ಮಾತ್ರ ಹೇಳದೆ ಉಳಿಯಿತು. ಸುರಾಬಿ ತಿಂದು ಎದ್ದು ಬಂದಿದ್ದ.

ಅದಕ್ಕೇ ರಿಹರ್ಸಲ್‌ನಲ್ಲಿ ಅವನು ಹಾಡನ್ನು ಓಡಿಸಿದ. ಇಂತಾನ್ ಮೊದಲು ತಬ್ಬಿಬ್ಬಾದಳು, ಆಮೇಲೆ ಅವಳ ಮುಖ ಅರಳಿತು, ಬೆರಳು ಹಿಂದೆಯೇ ಓಡಿಬಂತು. ಅರ್ಧ ಹಾಡಿಗೆ ಗುಮಿಲಾರ್ ಕೈ ಎತ್ತಿ ನಿಲ್ಲಿಸಿದ.

“ಏನೋ ಇದು, ಬೆಂಕಿ ಬಿದ್ದಿದೆಯಾ? ಭಾರ ಎಲ್ಲೋ? ಜನ ಆ ಭಾರಕ್ಕೇ ಕಣೋ ಬರೋದು.”

“ಹಾಡು ಇರೋದೇ ಹಿಂಗೆ. ಮರೆತ್ಯಾ?”

ಮೂಲೆಯಲ್ಲಿ ಕೂತಿದ್ದ ಹೆರ್ಲಾನ್ ಎದ್ದು ಬಂದ. ಅರವತ್ತಾಗಿತ್ತು, ಕೂದಲಿಗೆ ಕಪ್ಪು ಬಳಿದಿದ್ದ. ಜತೆಗೆ ಒಂದು ಕಂಪ್ಯೂಟರು. “ಜಗಳ ಯಾಕ್ರೋ? ಹಳೇ ಟೇಪು ಇದರಲ್ಲಿ ಹಾಕ್ಸಿದೀನಿ. ಚೆಚೆಪ್, ನಿನ್ನ ಕಿವೀಲಿ ಅದು ಕೇಳ್ತಾ ಇರತ್ತೆ, ಅದರ ಹಿಂದೆ ಹೋದ್ರೆ ಆಯ್ತು. ನಿನ್ನ ಏಟು, ನೀನೇ ಗುರು. ಎಷ್ಟು ಸುಲಭ!”

ಮಲಗಿದ್ದ ಚೆಚೆಪ್ ಈಗ ಎದ್ದ ಚೆಚೆಪ್‌ಗೆ ದಾರಿ ತೋರಿಸಬೇಕು ಎಂದಾಯಿತು. ಚೆಚೆಪ್ ಕೋಪ ನುಂಗಿ ಕೋಲುಗಳನ್ನು ಡ್ರಮ್ಮಿನ ಮೇಲೆ ಇಟ್ಟ. ಹೆರ್ಲಾನ್ ಅದನ್ನು ಬೇರೆ ಏನೋ ಎಂದು ತಿಳಿದ. ಹತ್ತಿರ ಬಾಗಿ, ದನಿ ತಗ್ಗಿಸಿದ.

“ನೋಡು, ಆ ಏಟು ಬರೋಕೆ ನಿಂಗೆ ಏನಾದ್ರೂ ಬೇಕು ಅಂದ್ರೆ... ನಾನೇನೂ ಹೇಳ್ತಿಲ್ಲ. ಒಂದೇ ಸಲ. ಬೇಕು ಅಂದ್ರೆ ಬಾಯಿಬಿಟ್ಟು ಕೇಳು, ಸಂಕೋಚ ಬೇಡ.”

ಚೆಚೆಪ್ ಅವನ ಕಾಲರ್ ಹಿಡಿದು ಗೋಡೆಗೆ ಒತ್ತಿದ. “ಇನ್ನೊಂದು ಮಾತಾಡಿದ್ರೆ ಹೂತುಹಾಕ್ತೀನಿ ನಿನ್ನ. ಯುಸೆಪ್‌ನ ಹೂತ ಜಾಗದಲ್ಲಲ್ಲ, ಅಲ್ಲಿ ನಿನ್ನಂಥವನಿಗೆ ಜಾಗ ಇಲ್ಲ. ಚರಂಡೀಲಿ.” ಗುಮಿಲಾರ್ ಬಂದು ಬಿಡಿಸಿದ. ಹೆರ್ಲಾನ್ ಅಂಗಿ ಸರಿಮಾಡಿಕೊಂಡು ನಕ್ಕ. ಅವನ ನಗು ಹೊಡೆತಕ್ಕಿಂತ ಹೆಚ್ಚು ಉರಿಸಿತು.

ಕಾರ್ಯಕ್ರಮದ ದಿನ ಸಂಜೆ ನಾಲ್ಕೂವರೆಗೆ ಕಾವಾ ವೇದಿಕೆ ಏರಿತು. ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್ ಬಾಂಗಿಗೆ ಮುಂಚೆ ಮುಗಿಸಬೇಕು, ಬಾಂಗು ಕೂಗುವಾಗ ಮೈದಾನವೆಲ್ಲ ಸುಮ್ಮನಿರಬೇಕು. ಮೂವತ್ತು ಸಾವಿರ ಜನ, ಎಲ್ಲರ ತಲೆಯ ಮೇಲೂ ಸಿಗರೇಟು ಕಂಪನಿಯ ಬಾವುಟ. ವೇದಿಕೆಯ ಪಕ್ಕದಲ್ಲಿ, ಪರದೆಯ ಮರೆಗೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಾಕ್ ಇತಿ ಹೊಸ ಕೆರುದುಂಗ್ ತಲೆಗೆ ಸುತ್ತಿಕೊಂಡು ಕೂತಿದ್ದಳು.

ಐದು ಹಾಡು ಆದವು. ಆರನೆಯದು ‘ಹನ್ನೊಂದನೇ ಗಲ್ಲಿ’. ಗುಮಿಲಾರ್ ಹೆಸರು ಹೇಳುವ ಮೊದಲೇ ಮೈದಾನ ಹುಯಿಲೆಬ್ಬಿಸಿತು. ಚೆಚೆಪ್ ಕಿವಿಯಿಂದ ಇಯರ್‌ಫೋನ್ ಕಿತ್ತು ಎಸೆದ, ಓಟದ ಲಯ ಹಿಡಿದು ಹಾಡು ಎತ್ತಿದ. ಇಂತಾನ್ ಹಲ್ಲು ಬಿಟ್ಟು ನಕ್ಕು ಜತೆ ಸೇರಿದಳು. ನಾಲ್ಕು ಸುತ್ತು, ಐದು ಸುತ್ತು. ಜನರ ಚಪ್ಪಾಳೆ ಎಡವಿತು, ಗುಮಿಲಾರ್ ತಿರುಗಿ ಕೆಂಗಣ್ಣು ಬಿಟ್ಟ.

ಆಮೇಲೆ ಚೆಚೆಪ್ ಹೊಡೆದ, ಆದರೆ ಅವನ ಏಟು ಕೇಳಿಸಲಿಲ್ಲ. ಬೇರೆ ಏಟು ಕೇಳಿಸಿತು. ಸ್ಪೀಕರುಗಳಿಂದ, ಕಾಲೆಳೆದುಕೊಂಡು, ತಡವಾಗಿ. ಎದುರಿನ ಧ್ವನಿಮೇಜಿನ ಬಳಿ ನಿಂತಿದ್ದ ಹೆರ್ಲಾನ್ ಕೈಸನ್ನೆ ಮಾಡಿ ಡ್ರಮ್ಮಿನ ಮೈಕುಗಳನ್ನೂ ಇಂತಾನ್‌ಳ ಬೇಸನ್ನೂ ಮುಚ್ಚಿಸಿದ್ದ, ಹಳೆಯ ಟೇಪು ಏರಿಸಿದ್ದ. ಗುಮಿಲಾರ್ ಒಡನೆ ಅದಕ್ಕೆ ಹೊಂದಿಕೊಂಡ. ಮೂವತ್ತು ಸಾವಿರ ಕಂಠ ನೆಮ್ಮದಿಯಿಂದ ಹಾಡತೊಡಗಿತು.

ಚೆಚೆಪ್ ಹೊಡೆಯುವುದನ್ನು ನಿಲ್ಲಿಸಿದ. ಡ್ರಮ್ ನಿಲ್ಲಲಿಲ್ಲ. ಎದ್ದು ನಿಂತ. ಯಾರೂ ಗಮನಿಸಲಿಲ್ಲ. ವೇದಿಕೆಯ ಪಕ್ಕಕ್ಕೆ ನಡೆದ. ಖಾಲಿ ಸ್ಟೂಲಿನ ಹಿಂದಿನಿಂದ ಅವನ ಹೆಸರಿನ ಏಟು ಬೀಳುತ್ತಲೇ ಇತ್ತು.

“ನೀನಿಲ್ಲಿದೀಯ!” ಮಾಕ್ ಇತಿ ಕುರ್ಚಿಯಿಂದ ಎದ್ದಳು. “ಅಲ್ಲಿ ಬಾರಿಸ್ತಿರೋದು ಯಾರೋ?”

“ನಾನೇ ಮಾಕ್. ಹಳೇ ಟೇಪು.”

ಅವಳು ಕಬ್ಬಿಣದ ಕಂಬಿ ಹಿಡಿದು ಕಿವಿಗೊಟ್ಟಳು. “ಕೆಳಗೆ ಗುಂಯ್ ಅಂತಿರೋದು? ಆ ಹುಡುಗಿ ಕೈ ಕಟ್ಕೊಂಡು ನಿಂತಿದಾಳಲ್ಲ.”

ಒಂದೇ ಕೋಣೆ, ಒಂದೇ ಟೇಪು. ಒಬ್ಬನನ್ನು ಇಟ್ಟು ಒಬ್ಬನನ್ನು ತೆಗೆಯಲು ಬರುವುದಿಲ್ಲ.

“ಯುಸೆಪ್” ಎಂದ ಚೆಚೆಪ್.

ಮಾಕ್ ಇತಿ ಕಂಬಿಯ ಮೇಲೆ ಇನ್ನಷ್ಟು ಬಾಗಿದಳು. ಸ್ವಲ್ಪ ಹೊತ್ತು ಮಗನನ್ನು ಕೇಳಿಸಿಕೊಂಡಳು. ಆಮೇಲೆ ಅವನ ಕಡೆ ತಿರುಗಿ ನೇರ ಕೇಳಿದಳು, “ಈ ಟೇಪು ಮಾಡಿದ ದಿನ ನಿನ್ನ ಹಂಗೆ ಅವನೂ ಆ ಪುಡಿ ತಗೊಂಡಿದ್ನಾ?”

“ಹೂಂ ಮಾಕ್.”

“ಕೊಟ್ಟೋರ್ಯಾರು?”

“ತಂದ್ಕೊಟ್ಟಿದ್ದು ಹೆರ್ಲಾನ್.” ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹದಿನಾರು ವರ್ಷ ಅಷ್ಟಕ್ಕೇ ನಿಲ್ಲಿಸಿದ್ದ. “ಚುಚ್ಚಿದ್ದು ನಾನು. ಅವನಿಗೆ ನರ ಸಿಗ್ತಿರಲಿಲ್ಲ. ಅವನು ತಾನೇ ಚುಚ್ಕೊಳ್ಳೋದು ಕಲಿಯೋವರೆಗೂ ನಾನೇ ಚುಚ್ತಿದ್ದೆ. ಮೊದಲನೇ ಸಲಾನೂ ನಾನೇ.”

ಮಾಕ್ ಇತಿ ಅವನ ಕೆನ್ನೆಗೆ ಬಾರಿಸಿದಳು. ನಲವತ್ತು ವರ್ಷ ಒಲೆಯ ಮುಂದೆ ಪಳಗಿದ ಕೈ. ಸಿಗರೇಟು ಕಂಪನಿಯ ಅಂಗಿ ತೊಟ್ಟಿದ್ದ ಇಬ್ಬರು ಓಡಿಬಂದರು. ಅವಳು ನೋಡಿದ ನೋಟಕ್ಕೆ ಅಲ್ಲೇ ನಿಂತರು. ಇನ್ನೊಂದು ಕೆನ್ನೆಗೂ ಬಾರಿಸಿದಳು. ಚೆಚೆಪ್ ಮುಖ ತಿರುಗಿಸಲಿಲ್ಲ.

“ನನ್ನ ಮಗನ್ನ ಇನ್ನೂ ದುಡಿಸ್ತಾ ಇದೀರೇನೋ ನೀವು?” ಅವಳ ದನಿ ಸ್ಪೀಕರುಗಳನ್ನು ಸೀಳಿ ಬಂತು. “ನಿಲ್ಸು ಅದನ್ನ. ಹೋಗು. ನಿಲ್ಸು!”

ಚೆಚೆಪ್ ಓಡಿದ. ಡ್ರಮ್ಮಿನ ಹಿಂದೆ ಪೆಟ್ಟಿಗೆಯ ಮೇಲಿದ್ದ ಕಂಪ್ಯೂಟರಿನ ತಂತಿಗಳನ್ನು ಎರಡೂ ಕೈಯಲ್ಲಿ ಹಿಡಿದು ಕಿತ್ತ. ಏಟು ನಿಂತಿತು. ಗುಂಯ್ ಎನ್ನುತ್ತಿದ್ದದ್ದೂ ನಿಂತಿತು. ಗುಮಿಲಾರ್ ಬಾಯಿ ತೆರೆದವನು ಹಾಗೇ ಉಳಿದ. ಜನ ಒಂದು ಸಾಲು ತಾವೇ ಹಾಡಿ ಮುಂದುವರಿಸಿ, ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಸುಮ್ಮನಾಗಿ, ಕೊನೆಗೆ ಶಿಳ್ಳೆ ಹಾಕಿ ಬೈಯತೊಡಗಿದರು. ಒಂದು ನೀರಿನ ಬಾಟಲಿ ಬಂದು ಸಿಂಬಲ್ಲಿಗೆ ಬಡಿಯಿತು. ಧ್ವನಿಮೇಜಿನ ಬಳಿಯಿಂದ ಹೆರ್ಲಾನ್ ಏನೋ ಕಿರುಚುತ್ತ ಕೈ ಬೀಸುತ್ತಿದ್ದ.

ಚೆಚೆಪ್ ಕೂತ. ಎರಡೂ ಕೆನ್ನೆ ಉರಿಯುತ್ತಿದ್ದವು. ಕೋಲಿಗೆ ಕೋಲು ತಾಗಿಸಿ ನಾಲ್ಕು ಎಣಿಸಿ, ಹಿಂದಿನ ಕೋಣೆಯಲ್ಲಿ ಓಡುತ್ತಿದ್ದ ಹಾಗೆ ಹಾಡನ್ನು ಓಡಿಸಿದ. ಮೈಕುಗಳು ಮುಚ್ಚಿಯೇ ಇದ್ದವು. ಮೈದಾನಕ್ಕೆ ಒಂದು ಏಟೂ ಮುಟ್ಟಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಕಂಬಿ ಹಿಡಿದು ನಿಂತಿದ್ದ ಮಾಕ್ ಇತಿಗೆ ಎಲ್ಲವೂ ಕೇಳಿಸಿತು.